ಗೋಡೆಯ ಕಡೆಯ ಟೊಂಗೆಗಳು

ಹಾಲಹರವಿಯಿಂದ ಆದೋನಿಗೆ ಸೊಸೆಯಾಗಿ ಬಂದ ಪಂಪಮ್ಮನಿಗೆ ಅತ್ತೆ ಇರಲಿಲ್ಲ. ಬಂದ ವರ್ಷವೇ ಮನೆಯ ಬೀಗದಕೈ ಅವಳ ಸೊಂಟ ಸೇರಿತು. ಗಂಡ ಮರಿಬಸಪ್ಪ ಹತ್ತಿ ಖರೀದಿಗೆಂದು ಹಳ್ಳಿ ತಿರುಗುವವನು, ಮನೆಯಲ್ಲಿ ಇದ್ದದ್ದು ಕಡಿಮೆ. ಒಬ್ಬಳೇ ಸಂಸಾರ ತೂಗಿಸುತ್ತ ತೂಗಿಸುತ್ತ ಪಂಪಮ್ಮನ ದನಿ ದೊಡ್ಡದಾಯಿತು. ಅವಳು ಬಾಗಿಲಲ್ಲಿ ನಿಂತು ಯಾರನ್ನಾದರೂ ತರಾಟೆಗೆ ತೆಗೆದುಕೊಂಡರೆ ಓಣಿಯ ತುದಿಗೆ ಕೇಳುತ್ತಿತ್ತು. ತಾನು ನ್ಯಾಯ ಬಿಟ್ಟು ಮಾತಾಡುವವಳಲ್ಲ ಎಂಬ ಹೆಮ್ಮೆ ಬೇರೆ.

ಆ ಮನೆಯ ಹಿತ್ತಲಲ್ಲಿ ಒಂದು ನೀರವಂಜಿ ಮರವಿತ್ತು. ಮಾವ ಸೋಮಶೇಖರಪ್ಪನವರು ಹಿಂದೊಮ್ಮೆ ಮಂತ್ರಾಲಯದ ಕಡೆ ಹೋದಾಗ ತುಂಗಭದ್ರೆಯ ದಂಡೆಯಿಂದ ಹಸಿ ಕೊಂಬೆ ಮುರಿದು ತಂದು, ಬಚ್ಚಲ ನೀರು ಹರಿಯುವಲ್ಲಿ ಊರಿದ್ದರು. ಹೊಳೆಯ ಮರ ಈ ಒಣ ಊರಲ್ಲಿ ಬದುಕೀತೇ ಎಂದು ನಕ್ಕವರ ಮುಂದೆಯೇ ಅದು ಮಾಳಿಗೆ ಮೀರಿ ಬೆಳೆಯಿತು. ಮಧ್ಯಾಹ್ನ ಅದರ ನೆರಳಲ್ಲಿ ಕೂತು ಜೋಳ ಹಸನು ಮಾಡುವುದು ಪಂಪಮ್ಮನಿಗೆ ತವರಿನಲ್ಲೂ ಸಿಗದ ಸುಖವಾಗಿತ್ತು.

ಎರಡನೆಯ ಮಹಾಯುದ್ಧ ಸುರುವಾಗುವ ಹಿಂದಿನ ವರ್ಷ ಮರ ಒಂದೇ ಕಡೆಗೆ ಬೆಳೆಯತೊಡಗಿತು. ಬಚ್ಚಲ ಕಡೆಯ ಟೊಂಗೆಗಳು ಸೊಂಪಾಗಿ ಚಿಗುರಿದರೆ, ಗೋಡೆಯ ಕಡೆಯವು ಎಲೆಯ ತುದಿ ಸುಟ್ಟಂತಾಗಿ, ಹಳದಿಗೆ ತಿರುಗಿ, ಬೋಳಾದವು. ಪಂಪಮ್ಮ ತೊಗಟೆ ಕೆರೆದು ನೋಡಿದಳು, ಗೆದ್ದಲು ಹತ್ತಿರಲಿಲ್ಲ. ನೀರು ಸಾಲದೇನೋ ಎಂದು ನಾಲ್ಕು ದಿನ ಕೊಡಗಟ್ಟಲೆ ಹೊಯ್ದಳು; ಗುಣವಿಲ್ಲ. ಆಗ ಅವಳ ಕಣ್ಣು ಗೋಡೆಯ ಮೇಲೆ ಬಿತ್ತು. ಆಚೆ ಕಡೆ ಮೌಲಾಲಿಯ ಮನೆ. ಅವನು ಸೀರೆಗಳಿಗೆ ಬಣ್ಣ ಹಾಕುವವನು. ಅವನ ಬಣ್ಣದ ಬಾನಿಗಳು ಆ ಗೋಡೆಗೇ ಸಾಲಾಗಿ ಇದ್ದವು.

ಅವತ್ತೇ ಓಣಿಯಲ್ಲಿ ನಿಂತು ಕೂಗಿದಳು. "ಮೌಲಾಲಿ, ನಿನ್ನ ಬಣ್ಣದ ನೀರು ನಮ್ಮ ಗಿಡದ ಬೇರಿಗೆ ಇಳದು ಅರ್ಧ ಮರ ಸುಟ್ಟೈತಿ! ಕಣ್ಣು ಕಾಣಂಗಿಲ್ಲೇನು?"

ಮೌಲಾಲಿ ಕೈ ಒರಸಿಕೊಳ್ಳುತ್ತ ಹೊರಗೆ ಬಂದ. "ನಮ್ಮ ನೀರು ಈ ಕಡಿ ಬರಂಗಿಲ್ಲರಿ ಅಮ್ಮಾ. ಇಳಿಜಾರು ಬೀದಿ ಕಡಿ ಐತಿ. ಒಳಗ ಬಂದು ನೋಡ್ರಿ."

"ನಾ ಯಾಕ ಬರಲಿ? ನಾಳಿಂದ ಒಂದು ಹನಿ ಬೀಳಬಾರದು ಅಲ್ಲಿ!"

ಜನ ಸೇರಿದರು. ದೊಡ್ಡ ಮನೆಯ ಸೊಸೆಯ ಮಾತಿಗೆ ಎದುರಾಡಲು ಯಾರೂ ಮುಂದೆ ಬರಲಿಲ್ಲ. ಪಡಸಾಲೆಯಲ್ಲಿ ಕೂತಿದ್ದ ಮಾವನವರೂ ಸುಮ್ಮನಿದ್ದರು. ಅವರ ಮೌನವನ್ನು ಪಂಪಮ್ಮ ಒಪ್ಪಿಗೆ ಎಂದುಕೊಂಡಳು. ಮಾರನೆಯ ದಿನದಿಂದ ಮೌಲಾಲಿ ಬಾನಿಗಳನ್ನು ಊರ ಹೊರಗಿನ ಬಾವಿಯ ಹತ್ತಿರ ಸಾಗಿಸಿದ. ಅವನ ಹೆಂಡತಿ ದಸ್ತಗಿರಮ್ಮ ಒದ್ದೆ ಬಟ್ಟೆಯ ಗಂಟು ಹೊತ್ತು ಓಡಾಡತೊಡಗಿದಳು. ಒಂದು ದಿನ ಬಾವಿಯ ಮೆಟ್ಟಿಲಲ್ಲಿ ಜಾರಿ ಮುಂಗೈ ಮುರಿದುಕೊಂಡಳು. ಬಿದಿರ ದಬ್ಬೆ ಕಟ್ಟಿದ ಆ ಕೈಯನ್ನು ನೋಡಿದಾಗ ಪಂಪಮ್ಮನಿಗೆ ಅಯ್ಯೋ ಅನಿಸಿತು. ಆದರೆ ಮರ ಉಳಿಯಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮರ ಮಾತ್ರ ಸುಧಾರಿಸಲಿಲ್ಲ. ಮಳೆಗಾಲ ಕಳೆದರೂ ಗೋಡೆಯ ಕಡೆ ಒಂದು ಚಿಗುರಿಲ್ಲ. ಒಂದು ಮಧ್ಯಾಹ್ನ ಪಂಪಮ್ಮ ಸಲಿಕೆ ಹಿಡಿದು ಬುಡ ಬಗೆದಳು. ಮಣ್ಣಿನಲ್ಲಿ ಕೆಂಪಿಲ್ಲ, ನೀಲಿಯಿಲ್ಲ. ಇರುವೆಗಳು ಮಾತ್ರ ಬೆಲ್ಲ ಚೆಲ್ಲಿದ ಹಾಗೆ ಮುತ್ತಿದ್ದವು. ಬಗ್ಗಿ ಮೂಸಿದಳು. ಉಚ್ಚೆಯ ನಾತ.

ಅಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳ. ಸೋಮಶೇಖರಪ್ಪನವರು ಒಂದು ಕೈಯಲ್ಲಿ ಧೋತರ ಹಿಡಿದು, ಇನ್ನೊಂದು ಕೈಯಿಂದ ಗೋಡೆ ತಡವುತ್ತ ಅವಸರವಾಗಿ ಬಂದರು. ಮರದ ಮರೆಗೆ ತಿರುಗಿದವರು ಸೊಸೆಯನ್ನು ಕಂಡು ಅಲ್ಲೇ ನಿಂತುಬಿಟ್ಟರು. ನಿಂತಲ್ಲೇ ಧೋತರ ಒದ್ದೆಯಾಯಿತು.

ಪಂಪಮ್ಮ ಮುಖ ಗೋಡೆಗೆ ತಿರುಗಿಸಿದಳು. ಮಾವನವರೆಂದರೆ ಮಗ ಕೂಡ ಎದುರಿಗೆ ಕೂತು ಮಾತಾಡದಂಥ ಮನುಷ್ಯ. ಅವರು ಅಳುತ್ತಿದ್ದಾರೆಂದು ಉಸಿರಿನಲ್ಲೇ ಗೊತ್ತಾಯಿತು.

"ಹಿತ್ತಲ ತುದಿಗೆ ಹೋಗೂತನಕ ತಡಿಯೂದಿಲ್ಲವ್ವ. ಎಷ್ಟು ನೀರು ಕುಡದರೂ ಗಂಟಲ ಒಣಗತೈತಿ, ಕುಡದದ್ದು ನಿಲ್ಲಂಗಿಲ್ಲ. ಇಲ್ಲಿ ಮರದ ಮರಿಗೆ ಯಾರಿಗೂ ಕಾಣಂಗಿಲ್ಲ ಅಂತ..." ಒದ್ದೆ ಧೋತರ ಮುದುರಿ ಹಿಡಿದು ಮತ್ತೆ ಅಂದರು: "ಆವತ್ತು ನೀ ಜಗಳಕ್ಕ ನಿಂತಾಗ ಕೇಳಸ್ಕೋತಾನ ಇದ್ದೆ. ಬಾಯಿ ಬರಲಿಲ್ಲ."

ಮಾವನವರು ಸೊರಗಿದ್ದು, ದಿನಕ್ಕೆ ಎಷ್ಟೋ ಸಲ ಚೊಂಬು ತುಂಬಿಸಿಕೊಂಡಿದ್ದು, ಎಲ್ಲ ಅವಳ ಕಣ್ಣೆದುರಿಗೇ ನಡೆದಿತ್ತು. ಒಣಗಿದ ಎಲೆಯನ್ನು ದಿನಾ ನೋಡಿದವಳು ಒಣಗುತ್ತಿದ್ದ ಮನುಷ್ಯನನ್ನು ನೋಡಿರಲಿಲ್ಲ. ಒಗೆದ ಧೋತರ ತಂದು ಬಚ್ಚಲಲ್ಲಿಟ್ಟು ಹೊರಗೆ ಹೋದಳು. ಮರುದಿನವೇ ಅವರ ಕೋಣೆಯ ಪಕ್ಕದಲ್ಲಿ ತಟ್ಟಿ ಕಟ್ಟಿಸಿ ಮೂತ್ರಕ್ಕೆ ಕೂರಲು ಮರೆ ಮಾಡಿಸಿದಳು.

ಆಮೇಲೆ ಮೌಲಾಲಿಯ ಮನೆಗೆ ಹೋದಳು. ದಸ್ತಗಿರಮ್ಮ ಒಂದೇ ಕೈಯಲ್ಲಿ ಹಿಟ್ಟು ನಾದುತ್ತಿದ್ದಳು.

"ನಿಮ್ಮ ನೀರಿಂದ ಆದದ್ದಲ್ಲ. ನಾ ಅಂದದ್ದು ತಪ್ಪಾತು," ಎಂದಳು ಪಂಪಮ್ಮ.

"ಮತ್ತ ಯಾತರಿಂದ ಆಗಿತ್ತು?"

"ಅದೊಂದು ಕೇಳಬ್ಯಾಡ."

ದಸ್ತಗಿರಮ್ಮ ಹಿಟ್ಟಿನಿಂದ ಕೈ ತೆಗೆದಳು. "ಬೈಯುವಾಗ ಓಣಿಯಾಗ ನಿಂತು ಬೈದ್ರಿ ಪಂಪಕ್ಕ. ತಪ್ಪಾತು ಅನ್ನೂದು ಮಾತ್ರ ಒಲಿ ಮುಂದ ಬಂದು ಹೇಳ್ತೀರಿ."

ಪಂಪಮ್ಮ ಅಲ್ಲಿಂದ ಹೊರಟಳು. ಓಣಿಗೆ ಬಂದು, ಕಟ್ಟೆಯ ಮೇಲೆ ಕೂತವರ ಎದುರಿಗೆ, ಮೌಲಾಲಿಯ ನೀರಿನ ತಪ್ಪಿಲ್ಲ, ತಾನು ಸುಳ್ಳು ದೂರಿದೆ ಎಂದಳು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ, ಎರಡು ಸಲ ಹೇಳಬೇಕಾಯಿತು.

"ಹಂಗಾರ ಗಿಡಕ್ಕ ಏನಾಗಿತ್ತಮ್ಮಾ?" ಎಂದ ಕಿರಾಣಿ ಅಂಗಡಿಯ ಗೋವಿಂದಪ್ಪ.

"ನನಗ ಗೊತ್ತಿಲ್ಲ."

ಯಾರೋ ನಕ್ಕರು. ಗೊತ್ತಿಲ್ಲದೆ ಒಬ್ಬನ ಕಸುಬು ಎತ್ತಿಸಿದವಳು ಎಂಬ ಮಾತು ಬಹಳ ದಿನ ಓಣಿಯಲ್ಲಿ ಉಳಿಯಿತು. ಪಂಪಮ್ಮ ಅದಕ್ಕೆ ಉತ್ತರ ಕೊಡಲಿಲ್ಲ. ಕೊಡಬೇಕಾದರೆ ಮಾವನವರ ಮಾನ ಬೀದಿಗೆ ಬರಬೇಕಿತ್ತು.

ಬಳ್ಳಾರಿಯ ಡಾಕ್ಟರು ಸಿಹಿಮೂತ್ರದ ಕಾಯಿಲೆ ಎಂದರು. ಸೋಮಶೇಖರಪ್ಪನವರು ಇನ್ನೆರಡು ವರ್ಷ ಬದುಕಿದರು. ಮೌಲಾಲಿ ಬಾನಿಗಳನ್ನು ಮತ್ತೆ ಗೋಡೆಗೆ ತಂದ. ಎದುರಾದರೆ ಸಲಾಂ ಮಾಡುತ್ತಿದ್ದ. ದಸ್ತಗಿರಮ್ಮನ ಮುಂಗೈ ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು. ಹಬ್ಬಕ್ಕೆ ಪಂಪಮ್ಮ ಕಳಿಸಿದ ಹೋಳಿಗೆಯನ್ನು ಅವಳು ತೆಗೆದುಕೊಂಡಳು, ಪಾತ್ರೆ ತೊಳೆದು ಹಿಂದಿರುಗಿಸಿದಳು. ಪಂಪಕ್ಕ ಎಂದು ಮಾತ್ರ ಮತ್ತೆ ಕರೆಯಲಿಲ್ಲ.