ಬಾಗಿಲ ಹಿಡಿಕೆ ಬದಲಾದದ್ದು ಯಾಕೆ

ಒಂದು ಬಾಹ್ಯಾಕಾಶ ಸರಣಿಯ ಹುಚ್ಚು ನನಗೆ. ಐದು ಸೀಸನ್ ಬಂದಿವೆ, ಎಲ್ಲವನ್ನೂ ಮೂರು ಮೂರು ಸಲ ನೋಡಿದ್ದೇನೆ. ಆದರೆ ನನ್ನ ಅಭಿಮಾನವೆಲ್ಲ ತಪ್ಪು ಹುಡುಕುವುದರಲ್ಲೇ ಖರ್ಚಾಗುತ್ತಿತ್ತು. ನೌಕೆಯ ಏಣಿಗೆ ಮೊದಲ ಸೀಸನ್ನಿನಲ್ಲಿ ಏಳು ಮೆಟ್ಟಿಲು, ಮೂರನೆಯದರಲ್ಲಿ ಆರು. ಎಂಜಿನ್ ಕೋಣೆ ಒಮ್ಮೆ ಊಟದ ಕೋಣೆಯ ಎಡಕ್ಕೆ, ಒಮ್ಮೆ ಬಲಕ್ಕೆ. ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ್ದು ಹೊರಬಾಗಿಲಿನ ಹಿಡಿಕೆ. ಮೊದಲು ಅಡ್ಡಕ್ಕಿತ್ತು, ಎರಡನೇ ಸೀಸನ್ನಿನಿಂದ ನೆಟ್ಟಗೆ ನಿಂತುಬಿಟ್ಟಿತು. ಕಥೆಯಲ್ಲಿ ನಡುವೆ ಕಳೆದದ್ದು ಒಂದೇ ದಿನ. ಅಷ್ಟರಲ್ಲೇ ರಿಪೇರಿ ಮಾಡಿರಬೇಕು ಎಂದು ಅಭಿಮಾನಿಗಳ ಗುಂಪಿನಲ್ಲಿ ಕೆಲವರು ಸಮಾಧಾನ ಹೇಳುತ್ತಾರೆ. ನಾನು ಅದಕ್ಕೆಲ್ಲ ಬಗ್ಗುವವನಲ್ಲ. ತಪ್ಪು ಬರೆದಿಡಲು ಒಂದು ನೋಟ್‌ಬುಕ್ಕೇ ಇಟ್ಟಿದ್ದೆ.

ಹೊಟ್ಟೆಪಾಡಿಗೂ ಅದೇ ಕೆಲಸ. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಸಣ್ಣ ವರ್ಕ್‌ಶಾಪೊಂದರಲ್ಲಿ ಇನ್‌ಸ್ಪೆಕ್ಟರ್. ವಸ್ತು ಡ್ರಾಯಿಂಗಿನಲ್ಲಿ ಇದ್ದಂತೆ ಇದೆಯೇ ನೋಡುವುದು, ಇಲ್ಲದಿದ್ದರೆ ತಿರಸ್ಕರಿಸಿ ಕೆಂಪು ಚೀಟಿ ಕಟ್ಟುವುದು.

ದಾಸರಹಳ್ಳಿಯಲ್ಲಿ ನನ್ನ ಪಕ್ಕದ ರೂಮಿನವರು ನಮ್ಮ ಶಾಪಿನ ಹಿರಿಯ ಫಿಟ್ಟರ್. ಗದಗದ ಕಡೆಯವರು, ಎಲ್ಲರಿಗೂ ಕಾಕಾ. ನಿವೃತ್ತಿಯ ವಯಸ್ಸು ದಾಟಿದ್ದರೂ ಕೆಲಸಕ್ಕೆ ಬರುತ್ತಿದ್ದರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನನ್ನ ರೂಮಿಗೆ ಬಂದು ಸರಣಿ ನೋಡುವುದು ಅವರ ರೂಢಿ. ಇಂಗ್ಲಿಷ್ ಮಾತು ತಲೆಗೆ ಹೋಗದಿದ್ದರೂ ಅವರ ಕಣ್ಣು ಮಾತ್ರ ಬಾಗಿಲು, ಕೀಲು, ಬೋಲ್ಟುಗಳ ಮೇಲೇ. ನಾನು ಹಿಡಿಕೆ ತೋರಿಸಿ ಬೈದಾಗೆಲ್ಲ, "ಮಾಡಿದಾವನ್ನ ಕೇಳೀಯೇನು, ತಮ್ಮಾ?" ಎನ್ನುತ್ತಿದ್ದರು. ಸಮುದ್ರದಾಚೆ ಇರುವವನನ್ನು ಕೇಳುವುದು ಹೇಗೆ ಎಂದು ನಾನು ನಗುತ್ತಿದ್ದೆ.

ನಾನು ಸೇರಿದ ಮೂರನೇ ತಿಂಗಳು ಕಾಕಾ ಮಾಡಿದ, ಪಂಪಿಗೆ ಬೋಲ್ಟಿನಿಂದ ಕೂರಿಸುವ ಬ್ರಾಕೆಟ್ಟುಗಳು ಮೊದಲ ಸಲ ನನ್ನ ಮೇಜಿಗೆ ಬಂದವು. ಡ್ರಾಯಿಂಗಿನಲ್ಲಿ ನಾಲ್ಕು ದುಂಡು ತೂತು. ಇವುಗಳಲ್ಲಿ ಮೂರು ದುಂಡು, ನಾಲ್ಕನೆಯದು ಅರದಲ್ಲಿ ಉಜ್ಜಿ ಉದ್ದ ಮಾಡಿದ್ದು. ಒಂದೂ ಬಿಡದೆ ಎಲ್ಲವೂ ಹಾಗೇ. ನನಗೆ ಖುಷಿಯೇ ಆಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವು ತುಂಬಿದ್ದ ಎರಡು ಟ್ರೇಗೂ ಕೆಂಪು ಚೀಟಿ ಕಟ್ಟಿದೆ.

ಮಾಲೀಕರು ಕಾಕಾರನ್ನು ಕರೆಸಿದರು. "ಡ್ರಾಯಿಂಗಲ್ಲಿ ಇಲ್ದೇ ಇರೋದನ್ನ ಮಾಡೋಕೆ ಹೇಳಿದ್ಯಾರು?"

"ಅದು ಹಂಗ ಇರಬೇಕ್ರೀ," ಎಂದರು ಕಾಕಾ.

"ವಯಸ್ಸಾಯ್ತು ನಿಮಗೆ. ಸೋಮವಾರದಿಂದ ಬರೋದು ಬೇಡ."

ನಾನು ಅಲ್ಲೇ ನಿಂತಿದ್ದೆ.

ಆ ಭಾನುವಾರ ಅವರು ಬರಲಾರರು ಎಂದುಕೊಂಡಿದ್ದೆ. ಬಂದರು, ಎಂದಿನಂತೆ ಗೋಡೆಗೊರಗಿ ಕೂತರು. ನಾನು ಮೊದಲ ಸೀಸನ್ ಹಾಕಿದೆ. ನಾಯಕಿ ಬಾಹ್ಯಾಕಾಶದ ಉಡುಪಿನಲ್ಲಿ ಹೊರಬಾಗಿಲು ತೆರೆಯುವ ದೃಶ್ಯ ಬಂತು.

"ನಿಲ್ಸು," ಎಂದರು. "ಆ ದಪ್ಪ ಗ್ಲೌಸಿನಾಗ ಅಡ್ಡ ಹಿಡಿಕಿ ಹಿಡಿಯಾಕ ಆಗವಲ್ದು ಆಕಿಗೆ. ನೋಡು, ಎರಡ ಸಲ ಕೈ ಜಾರೇತಿ. ಯಾವನೋ ಬಡಿಗ್ಯಾ ನೋಡಿ, ಪಾಪ ಅಂತ ತಿರುವಿ ಕೂಡ್ಸ್ಯಾನ."

ಮತ್ತೆ ಹಾಕಿ ನೋಡಿದೆ. ನಿಜ, ಎರಡು ಸಲ ಜಾರಿತ್ತು. ಹಿಡಿಕೆ ಹಿಡಿಕೆ ಎಂದು ಇಷ್ಟು ದಿನ ಕೂಗಾಡಿದ ನಾನು ಆ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ಕಥೆ ಬರೆದವರಿಗೆ ಹೇಳದೆ, ಶೂಟಿಂಗಿನ ಸೆಟ್ಟಿಗೆ ಸ್ಪ್ಯಾನರ್ ಹಿಡಿದು ಬಂದು, ತಿರುಗಿಸಿ ಹೋದ ಯಾವನೋ ಒಬ್ಬನನ್ನು ನಾನು ವರ್ಷಗಟ್ಟಲೆ ಬೈದಿದ್ದೆ. ಅವನಿಂದಾಗಿ ಮುಂದಿನ ನಾಲ್ಕು ಸೀಸನ್ ಆ ಬಾಗಿಲು ಸಲೀಸಾಗಿ ತೆರೆದುಕೊಂಡಿದೆ. ನನಗೆ ನಾಚಿಕೆಯಾಯಿತು.

"ಕಾಕಾ, ಆ ತೂತು ಯಾಕೆ ಉದ್ದ ಮಾಡಿದ್ರಿ?" ಎಂದು ಕೇಳಿದೆ. ಕೇಳಿದ್ದು ಅದೇ ಮೊದಲು.

ನಮ್ಮ ಬ್ರಾಕೆಟ್ಟು ಕೊಂಡು ದೊಡ್ಡನೆಕ್ಕುಂದಿಯಲ್ಲಿ ಪಂಪ್ ಜೋಡಿಸುವವರು ಬಹಳ ಹಿಂದೆ ಪಂಪಿನ ಅಚ್ಚು ಬದಲಿಸಿದ್ದರಂತೆ. ಅಂದಿನಿಂದ ಒಂದು ಬೋಲ್ಟ್ ಸ್ವಲ್ಪ ಆಚೆ ಬರುತ್ತದೆ. ಅಲ್ಲಿನ ಫಿಟ್ಟರ್ ಬಂದು ಕೇಳಿಕೊಂಡ, ಕಾಕಾ ಉಜ್ಜಿಕೊಟ್ಟರು. ಹಳೆಯ ಇನ್‌ಸ್ಪೆಕ್ಟರಿಗೆ ಅದು ಗೊತ್ತಿತ್ತು. ಅವರು ಕೆಲಸ ಬಿಟ್ಟಾಗ ಆ ಮಾತೂ ಅವರೊಂದಿಗೇ ಹೋಯಿತು. ಆಮೇಲೆ ಆ ತೂತು ಎಷ್ಟು ಉಜ್ಜಬೇಕೆಂದು ಗೊತ್ತಿದ್ದವರು ಶಾಪಿನಲ್ಲಿ ಕಾಕಾ ಒಬ್ಬರೇ. ಡ್ರಾಯಿಂಗ್ ತಿದ್ದಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಸೋಮವಾರ ಎರಡು ಬ್ರಾಕೆಟ್ ಚೀಲಕ್ಕೆ ಹಾಕಿಕೊಂಡು ದೊಡ್ಡನೆಕ್ಕುಂದಿಗೆ ಹೋದೆ. ಒಂದು ಬೆಳಿಗ್ಗೆಯೇ ಶಾಪಿನಲ್ಲಿ ಡ್ರಾಯಿಂಗಿನಂತೆ ಮಾಡಿಸಿದ್ದು, ಒಂದು ಕಾಕಾರದು. ಡ್ರಾಯಿಂಗಿನದು ಕೂರಲಿಲ್ಲ. ಕಾಕಾರದು ಕೈಯಲ್ಲೇ ಕೂತಿತು. ವಾಪಸು ಬಂದು ಕೆಂಪು ಚೀಟಿ ಬಿಚ್ಚಿ, ತಿರಸ್ಕರಿಸಿದ್ದು ನನ್ನ ತಪ್ಪು ಎಂದು ಬರೆದು ಸಹಿ ಹಾಕಿ ಮಾಲೀಕರ ಮುಂದಿಟ್ಟೆ. ಅವರು ಎರಡು ಸಲ ಓದಿದರು. ಆಮೇಲೆ ತಾವೇ ಫೋನ್ ಮಾಡಿ ಕಾಕಾರನ್ನು ಕರೆದರು.

ವಾರದೊಳಗೆ ಹೊಸ ಡ್ರಾಯಿಂಗ್ ಬಂತು. ನಾಲ್ಕನೇ ತೂತು ಉದ್ದ, ಅಳತೆ ಸಮೇತ. ಕಾಕಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಕೆಲಸ ಉಳಿಸಿಕೊಟ್ಟೆನೆಂಬ ಸಮಾಧಾನದಲ್ಲಿ ನಾನಿದ್ದೆ.

"ತಮ್ಮಾ, ನನಗೊಂದು ರಜಾ ಅರ್ಜಿ ಬರಕೊಡು. ಒಂದ್ ತಿಂಗಳು."

ಅವರು ಎರಡು ದಿನಕ್ಕಿಂತ ಹೆಚ್ಚು ರಜೆ ಹಾಕಿದ್ದನ್ನು ಶಾಪಿನಲ್ಲಿ ಯಾರೂ ಕಂಡಿರಲಿಲ್ಲ. ಮಗಳ ಬಾಣಂತನಕ್ಕೂ ಹೋಗಿ ಮುಖ ತೋರಿಸಿ ಬಂದವರು.

"ಕಾರಣ ಏನಂತ ಬರೀಲಿ ಕಾಕಾ?"

"ಕಾರಣ ಏನ್ ಬರೀತಿ. ಡ್ರಾಯಿಂಗ್ ಸರಿ ಆಗೇತಿ ಅಂತ ಬರಿ."