ಎರಡೆರಡು ‘ನ’ ಮೂಡಿಸಿದ ಕೀಬೋರ್ಡು

ಚನ್ನಗಿರಿಯ ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್, ಬಂದವರು ಕೂರುವುದಕ್ಕೆ ಬೆಂಚು. ಅರ್ಜಿ, ಕರಾರು ಪತ್ರ, ಮದುವೆ ಕಾರ್ಡಿನ ಒಕ್ಕಣೆ, ಮಹಿಳಾ ಸಂಘದ ವರದಿ, ಏನು ತಂದರೂ ಟೈಪ್ ಮಾಡಿ ಕೊಡುತ್ತೇನೆ. ಹೊನ್ನಾಳಿಯಲ್ಲಿ ಕಾಲೇಜು ಓದುವಾಗ ಅಪ್ಪ ನನ್ನನ್ನು ಟೈಪಿಂಗ್ ತರಗತಿಗೆ ಸೇರಿಸಿದ್ದರು. ಅಕ್ಕನನ್ನು ಹೊಲಿಗೆಗೆ ಸೇರಿಸಿದ್ದರು. ಕೂಲಿಗೆ ಹೋಗುತ್ತಿದ್ದ ಅಪ್ಪನ ಲೆಕ್ಕ ಸರಳವಾಗಿತ್ತು: ಹೆಣ್ಣುಮಕ್ಕಳ ಕೈಯಲ್ಲಿ ಒಂದೊಂದು ಕೆಲಸ ಇರಬೇಕು. ಅಲ್ಲಿ ಕಲಿತದ್ದೇ ಇಷ್ಟು ವರ್ಷ ನನಗೆ ಅನ್ನ ಹಾಕಿದೆ.

ಆ ಕೈಯೇ ಒಂದು ದಿನ ಕೈಕೊಟ್ಟಿತು. ಮೊದಲು ಕತ್ತು ನೋವು, ಆಮೇಲೆ ಬಲ ಭುಜದಿಂದ ಬೆರಳ ತುದಿಯವರೆಗೆ ಬೆಂಕಿ ಎಳೆದಂತೆ ಉರಿ. ದಾವಣಗೆರೆಯಲ್ಲಿ ತೋರಿಸಿದಾಗ ಕತ್ತಿನ ಮೂಳೆಗಳ ನಡುವಿನ ಬಿಲ್ಲೆ ಜಾರಿ ನರವನ್ನು ಒತ್ತುತ್ತಿದೆ, ಆಪರೇಷನ್ ಆಗಲೇಬೇಕು ಎಂದರು. ಆಯಿತು. ನೋವು ಹೋಯಿತು, ಕೈಗೆ ಬಲವೂ ಮರಳಿತು. ಆದರೆ ಬಲಗೈಯ ತೋರುಬೆರಳು ಮತ್ತು ನಡುಬೆರಳಿಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಬಿಸಿ ಲೋಟ ಹಿಡಿದರೂ ಅಷ್ಟೆ, ತಣ್ಣನೆಯ ನೀರಿಗೆ ಅದ್ದಿದರೂ ಅಷ್ಟೆ. ಸ್ಪರ್ಶ ನಿಧಾನಕ್ಕೆ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. ಬೆರಳು ನಡುಗಲು ಶುರುವಾದರೆ, ಹೇಳಿದ ಮಾತು ಕೇಳದಿದ್ದರೆ, ತಡಮಾಡದೆ ಬರಬೇಕು. ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು.

ಅಂಗಡಿ ಮತ್ತೆ ತೆರೆದೆ. ಹಳೆಯ ಕೀಬೋರ್ಡು ಮೆತ್ತಗಿನದು, ಒತ್ತಿದರೆ ಸದ್ದಿಲ್ಲ. ಇಷ್ಟು ವರ್ಷ ಅದೇ ಚೆನ್ನಾಗಿತ್ತು. ಈಗ ಆ ಎರಡು ಬೆರಳುಗಳು ಕೀಲಿಯನ್ನು ಒತ್ತಿದವೋ, ಸವರಿ ಬಂದವೋ ಗೊತ್ತೇ ಆಗುತ್ತಿರಲಿಲ್ಲ. ಅಕ್ಷರಗಳು ಬಿಟ್ಟುಹೋಗುತ್ತಿದ್ದವು. ತ್ಯಾವಣಿಗೆ ಕಡೆಯ ಒಬ್ಬ ರೈತರು ನಾನು ಟೈಪ್ ಮಾಡಿದ ಅರ್ಜಿಯನ್ನು ವಾಪಸ್ ತಂದು ಮೇಜಿನ ಮೇಲಿಟ್ಟರು. “ಒಂದಕ್ಷರ ಹೋಗೈತಂತೆ ನೋಡ್ರಿ. ಇನ್ನೊಂದ್ಸಲ ಮಾಡಿಕೊಡ್ರಿ” ಅಂದರು. ಅವರು ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ಬೆರಳನ್ನೇ ನೋಡಿಕೊಂಡು ಟೈಪ್ ಮಾಡತೊಡಗಿದೆ. ಹೊಸದಾಗಿ ಕಲಿಯುವವರಂತೆ, ಒಂದೊಂದೇ ಅಕ್ಷರ. ಕಾದು ಬೇಸತ್ತವರು ಪಕ್ಕದ ಅಂಗಡಿಗೆ ಎದ್ದು ಹೋಗುತ್ತಿದ್ದರು. ಟೈಪಿಂಗ್ ನಿಲ್ಲಿಸಿ ಜೆರಾಕ್ಸ್ ಒಂದೇ ಇಟ್ಟುಕೊಳ್ಳೋಣವೇ ಎಂದು ಯೋಚಿಸುತ್ತಿದ್ದೆ.

ಆಗ ನ್ಯಾಮತಿಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶ ಬಂತು. ನಾದಿನಿಯ ಗಂಡನದು ಮೊಬೈಲ್ ರಿಪೇರಿ ಅಂಗಡಿ. ಮನೆಯ ಮುಂಭಾಗದಲ್ಲೇ ಇದೆ. ಊಟವಾದ ಮೇಲೆ ನಾನು ಅಲ್ಲಿ ಫ್ಯಾನಿನ ಕೆಳಗೆ ಹೋಗಿ ಕೂತೆ. ಅವರು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದರು. ನನ್ನ ಗಮನ ಆಟದ ಮೇಲಿರಲಿಲ್ಲ. ಅವರ ಕೀಬೋರ್ಡು ಪ್ರತಿ ಒತ್ತಿಗೂ ‘ಟಕ್’ ಎನ್ನುತ್ತಿತ್ತು. ಆ ಸದ್ದು ಕೇಳುತ್ತ ಕೇಳುತ್ತ ಎದ್ದುಹೋಗಿ, ಒಂದು ನಿಮಿಷ ಬಿಟ್ಟುಕೊಡಿ ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡು ಕೈಯಿಟ್ಟೆ. ತೋರುಬೆರಳಿಗೆ ಏನೂ ತಿಳಿಯಲಿಲ್ಲ, ಆದರೆ ಕಿವಿಗೆ ತಿಳಿಯಿತು. ಸದ್ದು ಬಂದರೆ ಅಕ್ಷರ ಬಿದ್ದಿದೆ, ಬರದಿದ್ದರೆ ಬಿದ್ದಿಲ್ಲ. ಊರಿನ ಹೆಸರು, ತಾಲ್ಲೂಕಿನ ಹೆಸರು, ‘ಇಂತಿ ತಮ್ಮ ವಿಶ್ವಾಸಿ’ ಎಲ್ಲ ಹೊಡೆದು ನೋಡಿದೆ. ಕನ್ನಡದ ತಂತ್ರಾಂಶ ಅವರಲ್ಲಿರಲಿಲ್ಲ, ಪರದೆಯ ಮೇಲೆ ಮೂಡಿದ್ದೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಆದರೂ ಯಾವ ಕೀಲಿಗೆ ಯಾವ ಕನ್ನಡ ಅಕ್ಷರವೆಂದು ಬಲ್ಲ ನಾನು ಅದನ್ನು ಓದಬಲ್ಲೆ. ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ.

ಇದಕ್ಕೆ ಮೆಕ್ಯಾನಿಕಲ್ ಕೀಬೋರ್ಡು ಅನ್ನುತ್ತಾರೆ, ಒಂದೊಂದು ಕೀಲಿಯ ಕೆಳಗೂ ಬೇರೆ ಬೇರೆ ಸ್ವಿಚ್ಚು ಇರುತ್ತದೆ, ನೀಲಿ ಬಣ್ಣದ ಸ್ವಿಚ್ಚಿನದು ಹೆಚ್ಚು ಸದ್ದು ಮಾಡುತ್ತದೆ ಎಂದು ಅವರು ತಿಳಿಸಿ ಹೇಳಿದರು. ಟೈಪಿಸ್ಟುಗಳಿಗೆಂದೇ ಮಾಡಿದವು ದುಬಾರಿ, ಆಟದವರಿಗಾಗಿ ಮಾಡಿದವುಗಳಲ್ಲಿ ಅಗ್ಗದವು ಸಿಗುತ್ತವೆ ಎಂದರು. ಅಲ್ಲಿಯೇ ಕೂತು ತಮ್ಮ ಫೋನಿನಲ್ಲಿ ನನಗೊಂದನ್ನು ತರಿಸುವ ಏರ್ಪಾಡು ಮಾಡಿದರು.

ಪಾರ್ಸೆಲ್ ಅಂಗಡಿಗೇ ಬಂತು. ವೈರು ಸಿಕ್ಕಿಸಿದ ಕೂಡಲೇ ಕೆಂಪು, ಹಸಿರು, ನೇರಳೆ ದೀಪಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡಿದವು. ನನ್ನ ಯಜಮಾನರು ಚನ್ನಗಿರಿಯಿಂದ ಹೊನ್ನಾಳಿ, ನ್ಯಾಮತಿ ಕಡೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ಅಂದು ಮಧ್ಯಾಹ್ನ ಊಟಕ್ಕೆ ಬಂದವರು ಅದನ್ನು ನೋಡಿ, ಇದು ಕೀಬೋರ್ಡೋ ಆರ್ಕೆಸ್ಟ್ರಾದವರ ಸಾಮಾನೋ ಎಂದು ನಕ್ಕರು. ದೀಪ ಆರಿಸುವುದು ಹೇಗೆಂದು ಆಗ ನನಗೂ ಗೊತ್ತಿರಲಿಲ್ಲ. ಅರ್ಜಿ ಬರೆಸಲು ಬಂದ ಅಜ್ಜಿಯೊಬ್ಬರು ದೀಪಗಳಿಗೆ ಕೈಮುಗಿದು ಕೂತರು.

ಮೊದಲ ವಾರಗಳಲ್ಲಿ ಅದರ ಗುಣದೋಷಗಳನ್ನೆಲ್ಲ ನೋಡಿದೆ. ಕೀಲಿಗಳ ಮೇಲೆ ಕನ್ನಡ ಅಕ್ಷರಗಳಿಲ್ಲ, ನನಗೆ ಬೇಕಿರಲಿಲ್ಲ. ಎತ್ತರ ಜಾಸ್ತಿ, ಮಣಿಕಟ್ಟು ನೋಯುತ್ತಿತ್ತು, ಒಂದು ಟವೆಲ್ ಮಡಚಿ ಮುಂದಿಟ್ಟುಕೊಂಡ ಮೇಲೆ ಸರಿಹೋಯಿತು. ಉದ್ದನೆಯ ಸ್ಪೇಸ್ ಕೀಲಿ ಸಡಿಲ ಪಾತ್ರೆಯಂತೆ ಗಲಗಲ ಎನ್ನುತ್ತದೆ. ಸದ್ದಿಗೆ, ಬೆಂಚಿನ ಮೇಲೆ ಕೂತವರು ಫೋನ್ ಬಂದರೆ ಹೊರಗೆ ಎದ್ದು ಹೋಗುತ್ತಾರೆ. ಆದರೆ ಕೀಲಿಯನ್ನು ತಳ ಮುಟ್ಟುವವರೆಗೆ ಅದುಮಬೇಕಾಗಿಲ್ಲ. ಅರ್ಧಕ್ಕೇ ಸದ್ದು ಬರುತ್ತದೆ, ಅಕ್ಷರ ಬೀಳುತ್ತದೆ, ಬೆರಳು ಮುಂದಕ್ಕೆ ಹೋಗಬಹುದು. ನನ್ನ ಹಳೆಯ ವೇಗ ಮರಳತೊಡಗಿತು. ಪಕ್ಕದ ಅಂಗಡಿಗೆ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಮತ್ತೆ ನಮ್ಮ ಬೆಂಚಿಗೆ ಬಂದರು.

ಹೀಗಿರುವಾಗ ಒಂದು ಬೆಳಿಗ್ಗೆ ‘ಮನೆ’ ಎಂದು ಹೊಡೆದದ್ದು ‘ಮನನೆ’ ಎಂದು ಮೂಡಿತು. ಅಳಿಸಿ ಸರಿಮಾಡಿದೆ. ಸ್ವಲ್ಪ ಹೊತ್ತಿಗೆ ‘ಜಮೀನು’ ಎಂಬಲ್ಲಿ ‘ಜಮೀನನು’. ಮರುದಿನವೂ ಅದೇ, ಅದರ ಮರುದಿನ ಇನ್ನೂ ಹೆಚ್ಚು. ‘ನ’ ಹೊಡೆಯುವುದು ಬಲಗೈ ತೋರುಬೆರಳಿನಿಂದ. ಒಂದು ಸಲ ಒತ್ತಿದ್ದೇನೆಂದು ನಾನು ಅಂದುಕೊಳ್ಳುತ್ತಿದ್ದೇನೆ, ಬೆರಳು ಎರಡು ಸಲ ಒತ್ತುತ್ತಿದೆ. ಅಂದರೆ ನಡುಗುತ್ತಿದೆ. ಡಾಕ್ಟರು ಹೇಳಿದ್ದು ಇದೇ.

ಯಾರೂ ಇಲ್ಲದಾಗ ಕೈಯನ್ನು ಬಾಗಿಲ ಬೆಳಕಿಗೆ ಚಾಚಿ ನೋಡುತ್ತಿದ್ದೆ. ಅಂಗೈಯ ಹಿಂಭಾಗದ ಮೇಲೆ ಹಾಳೆ ಇಟ್ಟು ನೋಡಿದೆ. ಹಾಳೆಯ ಅಂಚು ಅಲುಗಿತು. ಫ್ಯಾನ್ ತಿರುಗುತ್ತಿದೆ ಎನ್ನುವುದು ಆಮೇಲೆ ತಲೆಗೆ ಹೊಳೆದು, ಅದನ್ನು ಆರಿಸಿ ಮತ್ತೆ ನೋಡುವಷ್ಟರಲ್ಲಿ ಯಾರೋ ಒಳಗೆ ಬಂದರು. ಅದೇ ಬೆರಳಿನಿಂದ ಹೊಡೆಯುವ ‘ಮ’, ‘ಹ’, ‘ಯ’ ಎಲ್ಲ ಒಂದೊಂದೇ ಬೀಳುತ್ತಿದ್ದವು. ಭಯ ಹಿಡಿದಿದ್ದ ನನಗೆ ಅದು ಕಾಣಲೇ ಇಲ್ಲ. ನನ್ನ ಆಸ್ಪತ್ರೆಯ ದಿನಗಳಲ್ಲಿ ಕಾರಿಡಾರಿನ ನೆಲದ ಮೇಲೆ ಮಲಗಿದ್ದ ಯಜಮಾನರಿಗೆ ಮತ್ತೆ ಅದೇ ಸುದ್ದಿ ಹೇಳುವುದು ಹೇಗೆ? ಅವರ ಮುಂದೆ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಓಡಾಡಿದೆ.

ಡಾಕ್ಟರ ಬಳಿಗೆ ಹೋಗುವ ಮೊದಲು ಅಕ್ಕನಿಗಾದರೂ ಹೇಳಬೇಕು ಅನ್ನಿಸಿತು. ಅಕ್ಕ ಇರುವುದು ಜಗಳೂರಿನಲ್ಲಿ. ಮನೆಯ ಪಡಸಾಲೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಅರ್ಧ ಹೆಣ್ಣುಮಕ್ಕಳ ರವಿಕೆ ಹೊಲಿಯುತ್ತಾಳೆ. ಎರಡು ದಿನ ಇದ್ದು ಬರುತ್ತೇನೆಂದು ಯಜಮಾನರಿಗೆ ಹೇಳಿ ದಾವಣಗೆರೆಗೆ ಬಂದು, ಅಲ್ಲಿಂದ ಜಗಳೂರಿನ ಬಸ್ಸು ಹತ್ತಿದೆ. ಒಂದು ಸಂಘದ ವರದಿ ಕೊಡುವುದು ಬಾಕಿಯಿತ್ತು. ಅಕ್ಕನ ಮಗಳ ಲ್ಯಾಪ್‌ಟಾಪ್ ಅಲ್ಲಿದೆ, ಅದರಲ್ಲಿ ಮುಗಿಸೋಣವೆಂದು ಕೀಬೋರ್ಡನ್ನು ಅದರ ಡಬ್ಬಿಯ ಸಮೇತ ಚೀಲಕ್ಕೆ ಹಾಕಿಕೊಂಡಿದ್ದೆ. ಅಕ್ಕನಿಗೂ ಆ ದೀಪಗಳನ್ನು ನೋಡುವ ಆಸೆಯಿತ್ತು.

ಕಾಫಿ ಕುಡಿದು, ಲ್ಯಾಪ್‌ಟಾಪಿಗೆ ಕೀಬೋರ್ಡು ಸಿಕ್ಕಿಸಿ ಕೆಲಸಕ್ಕೆ ಕೂತೆ. ಹೇಗೆ ಮಾತು ಶುರುಮಾಡುವುದೆಂದು ತಿಳಿಯುತ್ತಿರಲಿಲ್ಲ. ನೀರು ತರಲೆಂದು ಒಳಗೆ ಹೋದೆ. ಬರುವಷ್ಟರಲ್ಲಿ ಅಕ್ಕ ನನ್ನ ಜಾಗದಲ್ಲಿ ಕೂತು, ಹೊಸ ಆಟಿಕೆ ಸಿಕ್ಕಂತೆ, ಒಂದೇ ಬೆರಳಿನಿಂದ ಕೀಲಿಗಳನ್ನು ಒಂದೊಂದಾಗಿ ಒತ್ತಿ ಸದ್ದು ಕೇಳುತ್ತಿದ್ದಳು.

“ಇದ್ಯಾಕೆ ಹಿಂಗೆ? ನಾನು ಒಂದೇ ಸಲ ಒತ್ತೀನಿ, ‘ನ’ ಎರಡು ಬಂದಾವೆ” ಅಂದಳು.

ನಾನು ಲೋಟ ಹಿಡಿದುಕೊಂಡು ಅಲ್ಲೇ ನಿಂತೆ. ಇನ್ನೊಂದು ಸಲ ಒತ್ತು ಎಂದೆ. ಒತ್ತಿದಳು. ಒಂದು ಬಂತು. ಮತ್ತೆ ಒತ್ತು ಎಂದೆ. ಎರಡು ಬಂತು. ಕತ್ತರಿ ಹಿಡಿದು ಹಿಡಿದು ಗಟ್ಟಿಯಾದ ಅಕ್ಕನ ಬೆರಳು ಕಲ್ಲಿನಷ್ಟು ಸ್ಥಿರವಾಗಿತ್ತು. ಪರದೆಯ ಮೇಲೆ ‘ನ’ ಒಮ್ಮೆ ಒಂದು, ಒಮ್ಮೆ ಎರಡು, ಅದರ ಮನಸ್ಸಿಗೆ ಬಂದಷ್ಟು ಬೀಳುತ್ತಿತ್ತು. ಬೇರೆ ಕೀಲಿಗಳನ್ನು ಒತ್ತಿಸಿದೆ. ಎಲ್ಲವೂ ಒಂದೊಂದೇ.

ನಾನು ಅಲ್ಲಿದ್ದ ಬಟ್ಟೆಗಳ ಗಂಟಿನ ಮೇಲೆ ಕೂತುಬಿಟ್ಟೆ. ಅಕ್ಕ ಗಾಬರಿಯಾಗಿ ಎದ್ದು ಬಂದಳು. ಎಲ್ಲವನ್ನೂ ಹೇಳಿದೆ: ಡಾಕ್ಟರ ಮಾತು, ಹಾಳೆ ಇಟ್ಟು ನೋಡಿದ್ದು, ಸೆರಗಿನೊಳಗೆ ಮುಚ್ಚಿಟ್ಟ ಕೈ. ಅವಳು ನನ್ನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೀವಿದಳು.

“ಮಿಷನ್ ಕೆಟ್ಟೈತೆ, ನೀನು ಕೆಟ್ಟಿಲ್ಲ. ಇಷ್ಟು ದಿನ ಇದನ್ನ ಒಬ್ಬಳೇ ಹೊತ್ಕೊಂಡು ತಿರುಗ್ತಿದ್ದೆಯಲ್ಲೇ” ಅಂದಳು.

ಅತ್ತೆನೋ ನಕ್ಕೆನೋ ನನಗೇ ತಿಳಿಯದು. ಎರಡೂ ಆಗಿರಬೇಕು.

ಡಬ್ಬಿಯ ತಳದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ಇದ್ದದ್ದು ಆಗ ನೆನಪಾಯಿತು. ಒಳಗೆ ಕೆಲವು ನೀಲಿ ಸ್ವಿಚ್ಚುಗಳು, ಒಂದು ಚಿಮಟ. ಅವು ಏತಕ್ಕೆಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ. ನ್ಯಾಮತಿಗೆ ಫೋನ್ ಮಾಡಿದೆ. ನಾದಿನಿಯ ಗಂಡ, ಅಗ್ಗದವುಗಳಲ್ಲಿ ಒಂದೊಂದು ಸ್ವಿಚ್ಚು ಹೀಗೆ ಎರಡೆರಡು ಸಲ ಹೊಡೆಯುವುದು ಇದ್ದದ್ದೇ, ವೈರು ತೆಗೆದು ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದರಾಯಿತು ಎಂದರು. ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲು ಒತ್ತಿದ ಸ್ವಿಚ್ಚಿನ ತಾಮ್ರದ ಕಾಲು ಮಡಚಿಕೊಂಡಿತು. ಅಕ್ಕ ಕನ್ನಡಕ ಹಾಕಿಕೊಂಡು ಸೂಜಿಯ ಮೊನೆಯಿಂದ ಅದನ್ನು ನೆಟ್ಟಗೆ ಮಾಡಲು ಹೋದಳು, ಮುರಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡನೆಯದನ್ನು ನಾನೇ, ನನ್ನ ಬಲಗೈಯಿಂದಲೇ, ನಿಧಾನವಾಗಿ ಒತ್ತಿ ಕೂರಿಸಿದೆ. ಕೀಲಿಯ ಟೊಪ್ಪಿಗೆ ಹಾಕಿ ಮತ್ತೆ ವೈರು ಸಿಕ್ಕಿಸಿದೆ. ಮನೆ, ಮನೆ, ಮನೆ ಎಂದು ಸಾಲು ತುಂಬ ಹೊಡೆದೆ. ಒಂದು ಕಡೆಯೂ ‘ನ’ ಹೆಚ್ಚಾಗಲಿಲ್ಲ.

ಅಕ್ಕ ಮಂಡಕ್ಕಿ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದಳು. ಇಷ್ಟು ದಿನ ಬಾಯಿಗೆ ಏನೂ ರುಚಿಸದಿದ್ದ ನಾನು ಅವಳ ತಟ್ಟೆಯಿಂದಲೂ ಎತ್ತಿಕೊಂಡು ತಿಂದೆ. ಆಮೇಲೆ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತ ಚಾಪೆಯ ಮೇಲೆ ಉರುಳಿದವಳಿಗೆ ಎಂಥ ನಿದ್ದೆ ಬಂತೆಂದರೆ, ರವಿಕೆ ಒಯ್ಯಲು ಬಂದವರು ನನ್ನನ್ನು ದಾಟಿಕೊಂಡು ಹೋದದ್ದೂ ತಿಳಿಯಲಿಲ್ಲವಂತೆ.

ಸಂಜೆ ಯಜಮಾನರಿಗೆ ಫೋನ್ ಮಾಡಿದೆ. ಹೊನ್ನಾಳಿ ಬಸ್ ನಿಲ್ದಾಣದಲ್ಲಿದ್ದರು. ಅವರ ಹಿಂದಿನಿಂದ ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದದ್ದು ಕೇಳುತ್ತಿತ್ತು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

“ನೀನು ಕೈ ಮುಚ್ಚಿಕೊಳ್ಳಾದು ನೋಡಿದ್ದೆ. ಕೇಳಾಕೆ ನನಗೂ ಧೈರ್ಯ ಇರ್ಲಿಲ್ಲ” ಅಂದರು.

ಆಮೇಲೆ ಬಸ್ ಬಿಡುವ ಹೊತ್ತಾಯಿತೆಂದು ಫೋನ್ ಇಟ್ಟರು.

ಆದರೂ ದಾವಣಗೆರೆಗೆ ಹೋಗಿ ತೋರಿಸಿಕೊಂಡೇ ಬಂದೆವು. ಯಜಮಾನರೂ ಜೊತೆಗಿದ್ದರು. ಡಾಕ್ಟರು ಸುತ್ತಿಗೆಯಿಂದ ತಟ್ಟಿ, ಬೆರಳು ಚಾಚಿಸಿ, ಮುಷ್ಟಿ ಹಿಡಿಸಿ ನೋಡಿದರು. ಬಲ ಚೆನ್ನಾಗಿದೆ, ನಡುಕವಿಲ್ಲ, ಕೆಲಸ ನಿಲ್ಲಿಸಬೇಕಾಗಿಲ್ಲ, ಆದರೆ ಗಂಟೆಗೊಮ್ಮೆ ಎದ್ದು ಓಡಾಡಿ ಎಂದರು. ಸ್ಪರ್ಶದ ಬಗ್ಗೆ ಅವರು ಮೊದಲಿನ ಮಾತನ್ನೇ ಹೇಳಿದರು. ಅದು ಇನ್ನೂ ಬಂದಿಲ್ಲ. ಬರಲೇಬೇಕೆಂಬ ಹಟ ನನ್ನಲ್ಲಿ ಈಗ ಮೊದಲಿನಷ್ಟಿಲ್ಲ.

ಮೊನ್ನೆ ಹೊನ್ನಾಳಿಗೆ ಹೋದಾಗ ಟೈಪಿಂಗ್ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಸಿಕ್ಕಿದ್ದಳು. ಅವಳದೂ ಅಂಗಡಿಯಿದೆ. ಅಂಥ ಕೀಬೋರ್ಡು ನಾನೂ ತಗೊಳ್ಳಲಾ, ಹೆಂಗೈತೆ ಎಂದು ಕೇಳಿದಳು. ಇದ್ದದ್ದು ಇದ್ದಂತೆ ಹೇಳಿದೆ. ಸ್ಪೇಸ್ ಕೀಲಿ ಗಲಗಲ ಅನ್ನುತ್ತದೆ. ಧೂಳು ಬೇಗ ತುಂಬುತ್ತದೆ. ಸಣ್ಣ ಕೋಣೆಯಲ್ಲಿ ಇನ್ನೊಬ್ಬರು ಕೂತಿದ್ದರೆ ಅವರಿಗೆ ತಲೆನೋವು ಖಂಡಿತ. ಒಂದೊಂದು ಸ್ವಿಚ್ಚು ಕೈಕೊಡಬಹುದು, ಕೊಟ್ಟರೆ ಮನೆಯಲ್ಲೇ ಬದಲಾಯಿಸಬಹುದು. ಟೈಪಿಂಗಿಗೆ ಮಾತ್ರ ಬಹಳ ಚೆನ್ನಾಗಿದೆ.

“ಮತ್ತೆ ಆ ದೀಪ?” ಅಂದಳು.

ಆರಿಸಬಹುದು ಎಂದೆ. ನಾನು ಹಸಿರೊಂದನ್ನು ಸಣ್ಣಗೆ ಉರಿಯಲು ಬಿಟ್ಟಿದ್ದೇನೆ. ಬಸವಾಪಟ್ಟಣದಿಂದ ಪಹಣಿ ಕೆಲಸಕ್ಕೆ ಬರುವ ಹೆಂಗಸರು ಅಂಗಡಿಯ ಹೆಸರು ನೆನಪಿಟ್ಟುಕೊಳ್ಳುವುದಿಲ್ಲ. ಹಸಿರು ಲೈಟಿನ ಟೈಪಿಂಗ್ ಅಮ್ಮ ಎಲ್ಲಿ ಎಂದು ಕೇಳಿಕೊಂಡು ಬರುತ್ತಾರೆ.