ಕಾಶಿಬಾಯಿಯ ಕೊಳಕ್ಕೆ ಎಷ್ಟು ತಾಸು ಪಂಪು?

ಪಂಪನ್ನು ದಿನಕ್ಕೆ ಎಷ್ಟು ತಾಸು ಓಡಿಸಬೇಕು ಎಂದು ಅಥಣಿಯ ನನ್ನ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಕಬ್ಬಿನ ರೈತನ ಲೆಕ್ಕ ಸರಳ: ತ್ರೀಫೇಸ್ ಕರೆಂಟು ಇರುವಷ್ಟು ಹೊತ್ತು. ಕರೆಂಟು ಹೋದರೆ ಪಂಪಿಗೂ ರಜೆ, ರೈತನಿಗೂ ರಜೆ. ಹೀಗಾಗಿ ಜುಗೂಳದ ಕಾಶಿಬಾಯಿ ಆ ಪ್ರಶ್ನೆ ಕೇಳಿದಾಗ ನಾನು ವ್ಯಾಪಾರ ಬಿಟ್ಟು ಯೋಚನೆಗೆ ಬಿದ್ದೆ.

ಕಾಶಿಬಾಯಿ ಜೈನರ ಮನೆಯ ಹಿರಿಯರು, ಎಪ್ಪತ್ತು ದಾಟಿದೆ. ಬಟ್ಟೆಯಲ್ಲಿ ಸೋಸದ ನೀರು ಅವರ ಮನೆಯಲ್ಲಿ ಬಾಯಿಗೂ ಇಲ್ಲ, ಮೈಗೂ ಇಲ್ಲ. ಸೋಸಿದ ಮೇಲೆ ಆ ಬಟ್ಟೆಯನ್ನು ಹಿಂಡುವಂತಿಲ್ಲ. ಅದರಲ್ಲಿ ಉಳಿದ ಸಣ್ಣ ಜೀವಗಳನ್ನು ನೀರು ಹನಿಸಿ ತೊಳೆದು, ಅವು ಬಂದ ಬಾವಿಗೇ ಮೆಲ್ಲಗೆ ಇಳಿಸಬೇಕು. ಸೊಸೆ ಮಯೂರಿ ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಾಳೆ. ಆದರೂ ಕಾಶಿಬಾಯಿ ಬಟ್ಟೆಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡದೆ ಬಿಡುವುದಿಲ್ಲ.

ಕೊಳ ಬಂದದ್ದು ಅವರ ಮೊಣಕಾಲಿನ ದೆಸೆಯಿಂದ. ಎದೆಮಟ್ಟದ ನೀರಿನಲ್ಲಿ ದಿನಾ ನಡೆಯಬೇಕು, ಇಲ್ಲದಿದ್ದರೆ ಈಗ ಹಿಡಿದ ಕೋಲೂ ಸಾಲುವುದಿಲ್ಲ, ಹಾಸಿಗೆಯೇ ಗತಿ ಎಂದು ಮೀರಜಿನ ಡಾಕ್ಟರು ಹೇಳಿದ್ದರು. ಕೃಷ್ಣೆ ಮನೆಗೆ ಹತ್ತಿರವೇ. ಆದರೆ ಅಲ್ಲಿ ನಡೆದಾಡಲು ಮೊಸಳೆಗಳ ಒಪ್ಪಿಗೆ ಬೇಕು. ಮಗ ಅಭಿನಂದನ ಹಿತ್ತಲಲ್ಲೇ ಕೊಳ ಕಟ್ಟಿಸಿದ. ಪಂಪು ಮತ್ತು ಉಸುಕಿನ ಫಿಲ್ಟರು ನನ್ನ ಅಂಗಡಿಯಿಂದ ಹೋದವು. ನೀರಿಗೆ ಔಷಧಿ ಹಾಕುವಂತಿಲ್ಲ ಎಂದು ಮನೆಯವರು ಮೊದಲೇ ಹೇಳಿದ್ದರಿಂದ ಭಾರವೆಲ್ಲ ಪಂಪಿನ ಮೇಲೆಯೇ.

“ದಿನಾ ಎಷ್ಟ ತಾಸ ಓಡಸಬೇಕೋ ಗುರಪ್ಪಾ?” ಎಂದರು ಕಾಶಿಬಾಯಿ.

“ಎಲ್ಲಾ ನೀರು ದಿನಕ್ಕೊಮ್ಮೆ ಫಿಲ್ಟರಿನ್ಯಾಗ ಹಾದು ಬರಬೇಕ್ರಿ ಆಯಿ. ನಿಮ್ಮ ಕೊಳಕ್ಕ ಎಂಟ ತಾಸ. ಚಳಿಗಾಲದಾಗ ಒಂಚೂರು ಕಡಿಮಿ ಆದ್ರೂ ನಡೀತೈತಿ.”

ಉಸುಕಿನಲ್ಲಿ ಸಿಕ್ಕಿಬಿದ್ದ ಜೀವಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದರು. ವಾರಕ್ಕೊಮ್ಮೆ ಫಿಲ್ಟರು ತೊಳೆದ ನೀರಿನ ಜೊತೆ ತೆಂಗಿನ ಬುಡಕ್ಕೆ ಎಂದೆ. ಅವರು ಸುಮ್ಮನಾದರು. ಗಿರಾಕಿ ಸುಮ್ಮನಾದರೆ ಒಪ್ಪಿದ ಎಂದೇ ನಾವು ವ್ಯಾಪಾರಸ್ಥರು ತಿಳಿಯುವುದು.

ಕೆಲವು ದಿನಗಳಲ್ಲೇ ಅಭಿನಂದನನ ಫೋನು ಬಂತು. ನೀರು ಹಸಿರಾಗಿದೆ, ಪಂಪು ಬೋಗಸ್ಸು, ಅವ್ವ ಇನ್ನೂ ಮೊದಲ ಮೆಟ್ಟಿಲನ್ನೇ ಇಳಿದಿಲ್ಲ, ದಿನಕ್ಕೊಂದು ನೆಪ ಹೇಳುತ್ತಾಳೆ ಎಂದು ಒಂದೇ ಉಸಿರಿಗೆ ದೂರಿದ. ಹೋಗಿ ನೋಡಿದೆ. ಪಂಪಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆಯೇ ಚಾಲೂ ಮಾಡಿದ್ದೇನೆ ಎಂದು ಅಭಿನಂದನ ಆಣೆ ಇಡುತ್ತಿದ್ದ, ಆದರೆ ಮೋಟಾರು ಮುಟ್ಟಿದರೆ ತಣ್ಣಗಿತ್ತು. ಮಯೂರಿ ನನ್ನ ಕಣ್ಣು ತಪ್ಪಿಸಿ, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ನನಗೆ ಕುತೂಹಲ ಹುಟ್ಟಿತು. ಇನ್ನೊಂದು ಕಪ್ ಚಹಾ ಕೇಳಿ ಕೂತೆ.

ಅಭಿನಂದನ ಪಂಪಿನ ಗುಂಡಿ ಮತ್ತೆ ಒತ್ತಿ ಗದ್ದೆಗೆ ಹೋದ. ಅವನ ಗಾಡಿಯ ಸಪ್ಪಳ ಅಡಗಿತು, ಕೋಲಿನ ಸಪ್ಪಳ ಕೇಳಿಸಿತು. ಕಾಶಿಬಾಯಿ ಬಂದು ಪಂಪು ಬಂದ್ ಮಾಡಿದರು. ನನ್ನನ್ನು ಕಂಡರೂ ನಾಚಿಕೊಳ್ಳಲಿಲ್ಲ.

“ನನ್ನ ಎರಡ ಮೊಣಕಾಲಿಗಿ ಎಷ್ಟ ಜೀವ ಆ ಉಸುಕಿನ್ಯಾಗ ಸಾಯಬೇಕೋ? ಕಡಿಮಿ ಓಡಿದ್ರ ಪಾಪಾನೂ ಕಡಿಮಿ,” ಎಂದರು.

ನಾನು ಅವರನ್ನು ಕೊಳದ ಅಂಚಿಗೆ ಕರೆದೆ. ಹಸಿರು ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಕೊಂಕುತ್ತ ಏಳುತ್ತಿದ್ದವು, ಮುಳುಗುತ್ತಿದ್ದವು.

“ಇವು ನಿಂತ ನೀರಿನ್ಯಾಗ ಹುಟ್ಟ್ಯಾವ್ರಿ. ಪಂಪ ದಿನಾ ಪೂರಾ ಓಡಿದ್ರ ಹುಟ್ತಿದ್ದಿಲ್ಲ.”

ಕೋಲೂರಿ ಬಗ್ಗಿ ನೋಡಿದರು. ಆಮೇಲೆ, “ಈಗ ಚಾಲೂ ಮಾಡಿದ್ರ ಇವು?” ಎಂದರು. ಕಂಪನಿಯವರು ಕೊಟ್ಟ ಪುಸ್ತಿಕೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಉಸುಕಿಗೇ ಹೋಗುತ್ತವೆ ಎಂದು ಒಪ್ಪಿಕೊಂಡೆ.

ಮಯೂರಿಗೆ ಹಳೆಯ ನೂಲಿನ ಸೀರೆ ತರಲು ಹೇಳಿದರು. ಹುಳುಗಳನ್ನು ಸೋಸಿ ದನದ ಕೊಟ್ಟಿಗೆಯ ಹಿಂದಿನ ಹೊಂಡಕ್ಕೆ ಬಿಡುವುದು ಎಂದು ತೀರ್ಮಾನವಾಯಿತು. ಆ ಹೊಂಡದಲ್ಲಿ ಮೀನು ಇವೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸೀರೆಯ ಒಂದು ತುದಿ ಮಯೂರಿಯ ಕೈಗೆ, ಇನ್ನೊಂದು ನನ್ನ ಕೈಗೆ ಬಂತು. ಇಬ್ಬರೂ ಎರಡು ದಂಡೆಗಳ ಮೇಲೆ ನಡೆಯುತ್ತ ಎಳೆದೆವು. ನಡುವೆ ಸೀರೆ ಮುದುಡಿ ಹುಳುಗಳು ಕೆಳಗಿನಿಂದ ಜಾರಿಹೋದವು.

“ಮೀನಿನ ಬಲಿ ಎಳದಂಗ ಎಳೀಬ್ಯಾಡ್ರಿ. ನಡಕ ಯಾರರ ಹಿಡೀಬೇಕದನ್ನ,” ಎಂದು ಕಾಶಿಬಾಯಿ ದಂಡೆಯಿಂದಲೇ ಬೈದರು. ನಾವು ಮತ್ತೆ ಎಳೆದೆವು, ಮತ್ತೆ ಜಾರಿದವು. ಕಾಶಿಬಾಯಿ ಕೋಲನ್ನು ಗೋಡೆಗೆ ಆನಿಸಿಟ್ಟರು, ಸೆರಗು ಸಿಕ್ಕಿಸಿದರು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಸೀರೆಯ ನಡುವನ್ನು ಎತ್ತಿ ಹಿಡಿದರು. ನೀರು ಎದೆಯವರೆಗೆ ಬಂತು. ಆ ತುದಿಗೆ ಹೋದರು, ತಿರುಗಿ ಬಂದರು, ಮತ್ತೆ ಹೋದರು. ಮಯೂರಿ ಏನೋ ಹೇಳಲು ಬಾಯಿ ತೆರೆದಳು; ಬೇಡ ಎಂದು ನಾನು ತಲೆ ಅಲ್ಲಾಡಿಸಿದೆ. ಗದ್ದೆಯಿಂದ ಬಂದ ಅಭಿನಂದನ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಜೈನರಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಆಗಬೇಕಲ್ಲ, ಅದಕ್ಕಾಗಿ ಅವರು ಮೇಲೆ ಬಂದರು. ಅದಿಲ್ಲದಿದ್ದರೆ ಬರುತ್ತಿದ್ದರೋ ಇಲ್ಲವೋ.

ಈಗ ಆ ಮನೆಯಲ್ಲಿ ಬೆಳಿಗ್ಗೆ ಪಂಪು ಚಾಲೂ ಮಾಡುವವರು ಅವರೇ. ಊಟದ ಹೊತ್ತಿಗೆ ಯಾರಾದರೂ ಆರಿಸಿದರೆ, ಹುಟ್ಟಿಸಿ ಕೊಲ್ಲುತ್ತೀರಾ ಎಂದು ಗದರುತ್ತಾರಂತೆ. ಪಂಪು ಚಾಲೂ ಮಾಡುವ ಮುಂಚೆ ಏನಾದರೂ ಹುಟ್ಟಿದೆಯೇ ಎಂದು ತಾವೇ ಇಳಿದು ನೋಡಬೇಕು, ಅದೂ ನಾಲ್ಕೂ ಮೂಲೆ. ಡಾಕ್ಟರ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಹೋದ ವಾರ ಜುಗೂಳಕ್ಕೆ ಬೇರೆ ಕೆಲಸಕ್ಕೆ ಹೋದವನು ಬೆಳಿಗ್ಗೆಯೇ ಇಣುಕಿದೆ. ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಕಾಶಿಬಾಯಿ ನಡುನೀರಿನಲ್ಲಿದ್ದರು.

“ಏನರ ಸಿಕ್ತೇನ್ರಿ ಆಯಿ?”

“ಏನೂ ಇಲ್ಲೋ,” ಎಂದರು. “ಇನ್ನೊಂದ ಸುತ್ತ ನೋಡೇ ಬರ್ತೀನಿ.”